ಹದ ತಪ್ಪಿದ ಹೂರಣದ ಗತಿ

ಯುಗಾದಿಯ ಹೋಳಿಗೆಯ ನಯವನ್ನೂ ಪರಿಮಳವನ್ನೂ ವರ್ಣಿಸುವ ರಸಿಕರು ನಮ್ಮಲ್ಲಿ ಅನೇಕರುಂಟು. ಆದರೆ ಅದೇ ಹೋಳಿಗೆ ಕಾವಲಿಯ ಮೇಲೆ ಹರಿದು, ಹೂರಣವನ್ನೆಲ್ಲ ಹೊರಚೆಲ್ಲಿ ಕರಿಕಾಗತೊಡಗಿದಾಗ, ನಡುಮನೆಯಲ್ಲಿ ಎಲೆ ಹಾಕಿ ಕುಳಿತ ಬಂಧುಗಳ ಮುಂದೆ ಮಾನ ಉಳಿಸಿಕೊಳ್ಳುವ ಬಗೆಯೇನೆಂಬುದನ್ನು ಹೇಳುವವರು ವಿರಳ. ಹೈದರಾಬಾದಿನ ಪಶ್ಚಿಮಕ್ಕೆ ಮುಂಬಯಿಯ ಹೆದ್ದಾರಿಯನ್ನು ಹಿಡಿದು ಬೆಳೆದಿರುವ ಪಟಾನ್‌ಚೆರುವಿನ ಕನ್ನಡ ಮನೆಗಳಿಗೆ ಈ ಪ್ರಸಂಗ ಅಪರಿಚಿತವಲ್ಲ. ಕಡಲೆಬೇಳೆಯ ಹೂರಣವೇ ಹೂರಣವೆನ್ನುವ ಬೀದರದ ಅತ್ತೆಯೂ ತೊಗರಿಬೇಳೆಯನ್ನು ಬಿಟ್ಟುಕೊಡದ ಮೈಸೂರ ಕಡೆಯ ಸೊಸೆಯೂ ಒಂದೇ ಒಲೆಯ ಮುಂದೆ ನಿಂತರಂತೂ ಹೇಳತಕ್ಕುದೇ ಇಲ್ಲ.

ಈ ಊರಿಗೆ ಕನ್ನಡದ ಪಾಕಶಾಸ್ತ್ರ ನಿನ್ನೆ ಮೊನ್ನೆ ಬಂದುದಲ್ಲ. ಕಲ್ಯಾಣ ಚಾಳುಕ್ಯರ ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆಯೇ ಇಂದಿನ ಪಟಾನ್‌ಚೆರುವೆಂದು ಇತಿಹಾಸಜ್ಞರು ಗುರುತಿಸುತ್ತಾರೆ. ಆ ಅರಸನ ಆಶ್ರಯದಲ್ಲಿ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ, ಮಜ್ಜಿಗೆಯಲ್ಲಿ ಉದ್ದನ್ನು ನೆನೆಸಿ ರುಬ್ಬಿ, ಜೀರಿಗೆ, ಮೆಣಸು, ಇಂಗುಗಳನ್ನು ಕೂಡಿಸಿ ಇಡ್ಡಲಿಗೆ ಮಾಡುವ ವಿಧಾನವನ್ನೊಳಗೊಂಡ ಸೂಪಶಾಸ್ತ್ರವೂ ಉಂಟು, ನೆಲದಡಿಯ ನೀರನ್ನು ಕಂಡುಹಿಡಿಯುವ ವಿದ್ಯೆಯೂ ಉಂಟು. ಇವೆರಡೂ ಒಂದೇ ಗ್ರಂಥದಲ್ಲಿರುವುದು ನನಗೆ ಬಹು ಯುಕ್ತವಾಗಿ ತೋರುತ್ತದೆ. ಏಕೆಂದರೆ ಇಲ್ಲಿಯ ಹಬ್ಬದಡಿಗೆಯ ಪ್ರಥಮ ವೈರಿ ಕೊಳವೆಬಾವಿಯ ಗಡಸು ನೀರು.

ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೇಳೆಯ ಕಣಕಣವನ್ನೂ ಬೆಸೆದಿರುವ ಪೆಕ್ಟಿನ್ ಎಂಬ ಅಂಟನ್ನು ಇನ್ನಷ್ಟು ಬಿಗಿಯುವುದರಿಂದ, ಎಷ್ಟು ಸೀಟಿ ಕೂಗಿಸಿದರೂ ಬೇಳೆಯ ನಡುವಿನ ಗಟ್ಟಿತನ ಹೋಗುವುದಿಲ್ಲ. ತೊಗರಿಯನ್ನು ಜಗತ್ತಿಗಾಗಿ ಅಭ್ಯಸಿಸುವ ಇಕ್ರಿಸ್ಯಾಟ್ ಸಂಸ್ಥೆ 1972ರಿಂದ ಇದೇ ಊರಿನಲ್ಲಿದ್ದರೂ, ಅದರ ಆವರಣದ ಹೊರಗಿನ ಕುಕ್ಕರುಗಳಿಗೆ ಈ ಸಂಗತಿಯ ಪರಿಜ್ಞಾನವಿಲ್ಲ! ಮಂಜೀರದ ನಲ್ಲಿಯ ನೀರು ದೊರೆತರೆ ಅದರಲ್ಲಿಯೇ ಬೇಯಿಸತಕ್ಕುದು. ದೊರೆಯದಿದ್ದರೆ ಚಿಟಿಕೆ ಅಡುಗೆ ಸೋಡಾ ಸಾಕು, ಅದಕ್ಕೆ ಮೀರಿದರೆ ಹೂರಣಕ್ಕೆ ಸಾಬೂನಿನ ವಾಸನೆ ಅಂಟುತ್ತದೆ. ಬೇಳೆ ಬೆರಳಿನಲ್ಲಿ ನುಣ್ಣಗೆ ಮಸೆಯುವ ತನಕ ಬೆಲ್ಲವನ್ನು ಹತ್ತಿರ ಸುಳಿಯಗೊಡಬಾರದು. ಅರೆಬೆಂದ ಬೇಳೆಗೆ ಬೆಲ್ಲ ಬಿದ್ದಿತೆಂದರೆ ಅದು ಅಲ್ಲಿಗೇ ಬಿಗಿದು ನಿಲ್ಲುತ್ತದೆ. ಆಮೇಲೆ ರುಬ್ಬಿ ಜರಡಿ ಹಿಡಿಯುವುದೊಂದೇ ದಾರಿ.

ಹೂರಣ ನೀರಾಗುವುದು ಇದಕ್ಕಿಂತ ಸಾಮಾನ್ಯವಾದ ವಿಪತ್ತು. ಆದರೆ ಇಲ್ಲಿ ಕೆಲಸ ಕೆಡಿಸುವುದು ನೀರಿಗಿಂತ ಹೆಚ್ಚಾಗಿ ಅಡಿಗೆಯವರ ಗಾಬರಿ. ಬಿಸಿಯಾಗಿದ್ದಾಗ ಸಡಿಲವಾಗಿ ಕಂಡ ಹೂರಣ ಆರಿದ ಮೇಲೆ ತಾನಾಗಿಯೇ ಬಿಗಿಯುತ್ತದೆಂಬುದನ್ನು ಮರೆತು, ಕೈಗೆ ಸಿಕ್ಕ ಹಿಟ್ಟನ್ನೆಲ್ಲ ಸುರಿದವರು ಕೊನೆಗೆ ಉಣ್ಣುವುದು ಹಿಟ್ಟನ್ನೇ. ಮೊದಲು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೆದಕುತ್ತ ನೀರಿಂಗಿಸಬೇಕು. ಅದೂ ಸಾಲದಿದ್ದರೆ ಹುರಿಗಡಲೆಯ ಪುಡಿಯನ್ನು ಮಿತವಾಗಿ ಬೆರೆಸಬಹುದು. ಅದಕ್ಕೂ ಮಣಿಯದ ಹೂರಣವನ್ನು ಹೋಳಿಗೆಯಾಗೆಂದು ಪೀಡಿಸುವುದು ಹಠಮಾರಿತನವೇ ಸರಿ. ಉಂಡೆ ಕಟ್ಟಲು ಬಂದರೆ, ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದ ಸುಕ್ಕಿನುಂಡೆಯಾಗಿ ಅದು ಎಲೆಯ ಮೇಲೆ ನಿಸ್ಸಂಕೋಚವಾಗಿ ಕುಳಿತುಕೊಳ್ಳುತ್ತದೆ. ಉಂಡೆಯೂ ಆಗದಷ್ಟು ತೆಳುವಾದರೆ ಕಾಯಿಹಾಲು, ಏಲಕ್ಕಿಗಳನ್ನು ಕೂಡಿಸಿದಾಗ ಸೊಗಸಾದ ಪಾಯಸವಾಗುತ್ತದೆ. ಬೇಳೆಯಿಂದ ಬಸಿದ ಕಟ್ಟನ್ನು ಚೆಲ್ಲದೆ ಅದರಿಂದ ಹೋಳಿಗೆಯ ಸಾರನ್ನೇ ಸೃಷ್ಟಿಸಿದ ಜನ ನಾವು. ಒಂದರ ಉಚ್ಛಿಷ್ಟವನ್ನು ಮತ್ತೊಂದರ ಸಾರಸರ್ವಸ್ವವಾಗಿಸುವ ಈ ಕೌಶಲವನ್ನು ಹಬ್ಬದ ದಿನವೇ ಮರೆಯುವುದು ವಿಚಿತ್ರವಲ್ಲವೆ? ಕಣಕ ಹರಿಯುತ್ತಿದ್ದರೆ ಮಾತ್ರ ರೂಪಾಂತರದ ಪ್ರಶ್ನೆಯಿಲ್ಲ, ಮೇಲೆ ಎಣ್ಣೆ ಹುಯ್ದು ಇನ್ನೊಂದು ಗಳಿಗೆ ನೆನೆಯಬಿಟ್ಟು, ಚೆನ್ನಾಗಿ ನಾದಿದರಾಯಿತು.

ಹೋಳಿಗೆಯಲ್ಲದೆ ಎಲೆಯ ಉಳಿದ ಪದಾರ್ಥಗಳೂ ಹದ ತಪ್ಪುವುದುಂಟು. ಉಪ್ಪು ಹೆಚ್ಚಾದ ಹುಳಿಗೆ ಆಲೂಗಡ್ಡೆ ಹಾಕಿದರೆ ಅದು ಉಪ್ಪನ್ನೆಲ್ಲ ಹೀರುತ್ತದೆಂಬ ನಂಬಿಕೆ ನಿರಾಧಾರ. ಗಡ್ಡೆ ತನ್ನ ಪಾಲಿನ ಉಪ್ಪುನೀರನ್ನು ಕುಡಿಯುತ್ತದೆ, ಉಳಿದುದು ಹಾಗೆಯೇ ಇರುತ್ತದೆ. ಉಪ್ಪಿಲ್ಲದ ಬೇಳೆಯನ್ನೂ ಬಿಸಿನೀರನ್ನೂ ಸೇರಿಸಿ ಹುಳಿಯನ್ನು ವಿಸ್ತರಿಸುವುದೊಂದೇ ನಿಜವಾದ ಪರಿಹಾರ. ಮುದ್ದೆಯಾದ ಅನ್ನ ಮೊಸರನ್ನವಾಗಲಿ. ತಳ ಹಿಡಿದ ಅನ್ನವನ್ನು ಸೌಟಿನಿಂದ ಕದಡದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ತೆಗೆಯಬೇಕು. ಕುದಿಯುವ ಹಾಲಿಗೆ ಬೆಲ್ಲ ಹಾಕಿ ಒಡೆಸಿಕೊಂಡವರಿಗೆ ನನ್ನಲ್ಲಿ ಪರಿಹಾರವಿಲ್ಲ. ಬೆಲ್ಲವನ್ನು ಬೇರೆ ಕರಗಿಸಿ ಆರಿಸಿ, ಪಾಯಸವನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸತಕ್ಕುದೆಂಬ ಎಚ್ಚರಿಕೆಯೊಂದೇ ಉಂಟು.

ಈ ಊರಿಗೆ ಹೊಸದಾಗಿ ಬಂದ ವಾಚಕರು ಹಬ್ಬದ ಮುನ್ನಾದಿನವೇ ಅಂಗಡಿಯಿಂದ ತಂದ ಬೇಳೆಯಲ್ಲಿ ಒಂದು ಹಿಡಿಯನ್ನು ನಲ್ಲಿಯ ನೀರಿನಲ್ಲಿಯೂ ಮತ್ತೊಂದು ಹಿಡಿಯನ್ನು ಕೊಳವೆಬಾವಿಯ ನೀರಿನಲ್ಲಿಯೂ ಬೇಯಿಸಿ ಪರೀಕ್ಷಿಸಿ, ಬೇಳೆ ನುಣ್ಣಗೆ ಬೆಂದ ನೀರಿನಿಂದಲೇ ರಾತ್ರಿ ಒಂದು ಕೊಡ ತುಂಬಿಟ್ಟುಕೊಳ್ಳಲಿ.