ಪತ್ತೇದಾರಿ ಕಾದಂಬರಿ ದುಃಶ್ರುತಿಯೇ?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಜೈನ ಮನೆತನಗಳಲ್ಲಿ ಹಿರಿಯರ ಪುಸ್ತಕಗಳನ್ನು ವಿಂಗಡಿಸುವಾಗ, ಪುರಾಣ ಶ್ರಾವಕಾಚಾರಗಳ ಹಿಂದಿನ ಸಾಲಿನಲ್ಲಿ ಹಾಳೆ ಮಾಸಿದ ಪತ್ತೇದಾರಿ ಕಾದಂಬರಿಗಳು ದೊರೆಯುವುದುಂಟು. ಅವನ್ನು ಬಸದಿಯ ವಾಚನಾಲಯಕ್ಕೆ ಒಪ್ಪಿಸಬಹುದೇ, ಇಲ್ಲವೆ ರದ್ದಿಗೆ ಹಾಕಬೇಕೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ದುಃಶ್ರುತಿಯನ್ನೂ ಎಣಿಸಿದ್ದಾರೆ. ಚಿತ್ತವನ್ನು ಕಲುಷಿತಗೊಳಿಸುವ ಶ್ರವಣ, ಪಠನಗಳೇ ದುಃಶ್ರುತಿ. ಆದುದರಿಂದ ಈ ಪ್ರಶ್ನೆ ಶ್ರಾವಕರಿಗೆ ಕ್ಷುಲ್ಲಕವಲ್ಲ.

ಕನ್ನಡದಲ್ಲಿ ಈ ಪ್ರಕಾರಕ್ಕೆ ಜನಪ್ರಿಯತೆ ತಂದವರು ಎನ್. ನರಸಿಂಹಯ್ಯನವರು. 1925ರಲ್ಲಿ ಚಿಕ್ಕಮಗಳೂರಿನಲ್ಲಿ ಜನಿಸಿದ ಅವರ ಶಾಲಾ ವಿದ್ಯಾಭ್ಯಾಸ ನಾಲ್ಕನೆಯ ತರಗತಿಗೆ ನಿಂತಿತು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಪ್ರಕಟವಾಯಿತು. ಪುರುಷೋತ್ತಮ, ಮಧುಸೂದನ, ಅರಿಂಜಯರೆಂಬ ಪತ್ತೇದಾರರು ಮನೆಮಾತಾದರು. 2011ರಲ್ಲಿ ನಿಧನರಾಗುವ ವೇಳೆಗೆ ಅವರು ರಚಿಸಿದ ಕಾದಂಬರಿಗಳು ಐದುನೂರನ್ನು ಮೀರಿದ್ದವು. ವಿದ್ವಾಂಸರು ಅವರತ್ತ ಬಹುಕಾಲ ಕಣ್ಣೆತ್ತಿ ನೋಡಲಿಲ್ಲ.

ಆದರೆ 1952ರಲ್ಲಿ ನಮ್ಮ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತೆಂಬುದನ್ನು ನೆನೆಯಬೇಕು. ನಿಜಾಮರ ಕಾಲದಲ್ಲಿ ಉರ್ದುವೇ ಆಡಳಿತದ ಮತ್ತು ಉನ್ನತ ಶಿಕ್ಷಣದ ಭಾಷೆಯಾಗಿತ್ತು; ಮೈಸೂರು ರಾಜ್ಯದೊಡನೆ ಕೂಡಿದ್ದು 1956ರಲ್ಲಿ. ಅಲ್ಪಸ್ವಲ್ಪ ಅಕ್ಷರ ಕಲಿತವನು ನಿಘಂಟಿನ ಹಂಗಿಲ್ಲದೆ ಕೊನೆಯ ಪುಟ ಮುಟ್ಟಬಲ್ಲ ಗದ್ಯವೇ ಇಂತಹ ನಾಡಿಗೆ ಬೇಕಾಗಿತ್ತು. ನರಸಿಂಹಯ್ಯನವರು ಕೊಟ್ಟದ್ದು ಅದನ್ನೇ. ಅದು ಜ್ಞಾನದಾನಕ್ಕೆ ಸಮೀಪದ ಕಾರ್ಯವೆಂದರೆ ಅತಿಶಯೋಕ್ತಿಯಾಗದು.

ಕೊಲೆ, ವಂಚನೆಗಳ ಕಥನವೆಂಬ ಕಾರಣಕ್ಕೇ ಇವನ್ನು ತ್ಯಜಿಸುವುದಾದರೆ 1209ರ ಜನ್ನನ ‘ಯಶೋಧರ ಚರಿತೆ’ಯನ್ನೂ ತ್ಯಜಿಸಬೇಕಾದೀತು. ಅಲ್ಲಿಯೂ ಜಾರತನವಿದೆ, ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಭೇದವಿರುವುದು ಕಥೆ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ಜನ್ನನು ಕೃತ್ಯದ ಬೆನ್ನು ಹಿಡಿದು ಜನ್ಮಾಂತರಗಳವರೆಗೆ ನಡೆಯುತ್ತಾನೆ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಯೂ ಅವನ ವಿಚಾರಣೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಪತ್ತೇದಾರಿ ಕಾದಂಬರಿಯಾದರೋ ಅಪರಾಧಿಯ ಕೈಗೆ ಕೋಳ ಬೀಳುತ್ತಲೇ ಮುಗಿಯುತ್ತದೆ. ಸತ್ತವನ ಮನೆಯವರ ಅಳಲು, ಕೊಂದವನ ಪಶ್ಚಾತ್ತಾಪ ಇವು ಅದರ ಚೌಕಟ್ಟಿನ ಹೊರಗೆ. ಈ ಪ್ರಕಾರದ ನಿಜವಾದ ಕೊರತೆ ಇದು; ಐದುನೂರು ಸಲ ಬರೆದರೂ ಇದು ತಾನಾಗಿ ನೀಗುವಂತಹುದಲ್ಲ.

ನಮ್ಮ ಮಸ್ಕಿಯ ಬಂಡೆಯೇ ಇದಕ್ಕೊಂದು ನಿದರ್ಶನ. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬ ವಿದ್ವಾಂಸರ ಊಹೆಗೆ, 1915ರಲ್ಲಿ ಇಲ್ಲಿ ಬೆಳಕಿಗೆ ಬಂದ ಶಾಸನದಲ್ಲಿನ ಅಶೋಕನ ಹೆಸರೇ ಸಾಕ್ಷ್ಯವಾಯಿತು. ಅದೊಂದು ಉತ್ತಮ ಪತ್ತೇದಾರಿ. ಯಾರೆಂಬ ಪ್ರಶ್ನೆ ತೀರಿತು. ಆದರೆ ಆ ಅರಸನ ಹಿರಿಮೆ ತಿಳಿಯುವುದು ಕಳಿಂಗದ ಹತ್ಯೆಗಾಗಿ ಅವನು ಪಟ್ಟ ಪಶ್ಚಾತ್ತಾಪವನ್ನು ಹದಿಮೂರನೆಯ ಶಿಲಾಶಾಸನದಲ್ಲಿ ಓದಿದಾಗ. ಯಾರು ಮಾಡಿದರೆಂಬುದು ಕುತೂಹಲದ ಪ್ರಶ್ನೆ. ಮಾಡಿದ ಮೇಲೆ ಮನಸ್ಸು ಏನಾಯಿತೆಂಬುದು ಧರ್ಮದ ಪ್ರಶ್ನೆ.

ಆದ್ದರಿಂದ ಬಸದಿಗಳ ಟ್ರಸ್ಟುಗಳಲ್ಲಿ ನಮ್ಮ ಅರಿಕೆ ಇಷ್ಟೇ: ಈ ಕಾದಂಬರಿಗಳನ್ನು ರದ್ದಿಗೆ ಹಾಕದಿರಿ. ಅದೇ ಕಪಾಟಿನಲ್ಲಿ ‘ಯಶೋಧರ ಚರಿತೆ’ಯ ಸರಳ ಗದ್ಯಾನುವಾದವನ್ನೂ ಇಡಿರಿ. ಓದಿ ಮುಗಿಸಿದ ಮಕ್ಕಳನ್ನು ಕಳ್ಳನು ಸಿಕ್ಕನೇ ಎಂದಷ್ಟೇ ಕೇಳದೆ, ಅವನು ಬದಲಾದನೇ ಎಂದೂ ಕೇಳಿರಿ. ಈ ಎರಡನೆಯ ಪ್ರಶ್ನೆಯನ್ನು ಕೇಳುವ ಮನೆಯಲ್ಲಿ ಪತ್ತೇದಾರಿ ಕಾದಂಬರಿ ದುಃಶ್ರುತಿಯಾಗಲಾರದು.