ಫಾಂಡರರ ‘ಸತ್ಯದ ತಕ್ಕಡಿ’: ಒಂದು ವಿಮರ್ಶೆ

ಇಸ್ಲಾಮಿನ ಬೋಧನೆಗಳನ್ನು ಕ್ರೈಸ್ತ ದೃಷ್ಟಿಯಿಂದ ಪರೀಕ್ಷಿಸಿದ ಹತ್ತೊಂಬತ್ತನೆಯ ಶತಮಾನದ ಗ್ರಂಥಗಳಲ್ಲಿ ಕಾರ್ಲ್ ಗಾಟ್ಲೀಬ್ ಫಾಂಡರರ ‘ಮೀಝಾನುಲ್ ಹಕ್’, ಎಂದರೆ ‘ಸತ್ಯದ ತಕ್ಕಡಿ’, ಬಹು ಪ್ರಸಿದ್ಧವಾದುದು. 1829ರಲ್ಲಿ ಜರ್ಮನ್ ಭಾಷೆಯಲ್ಲಿ ರಚಿತವಾದ ಇದು 1835ರಲ್ಲಿ ಪಾರಸಿಯಲ್ಲಿ ಅಚ್ಚಾಯಿತು. ಫಾಂಡರರು ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದವರು. 1834ರಲ್ಲಿ ಮಂಗಳೂರಿಗೆ ಬಂದ ಪಾದ್ರಿಗಳೂ ಅದೇ ಮಿಷನ್ನಿನವರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬಹುದು.

ಗ್ರಂಥದ ಬಲವಿರುವುದು ಅದರ ಪೀಠಿಕೆಯಲ್ಲಿ. ದೈವವಾಣಿಯೆನಿಸಿಕೊಳ್ಳುವುದು ಆತ್ಮದ ಹಂಬಲವನ್ನು ತಣಿಸಬೇಕು, ಅಂತಃಸಾಕ್ಷಿಗೆ ವಿರುದ್ಧವಾಗಿರಬಾರದು, ದೇವರನ್ನು ಪವಿತ್ರನೂ ನ್ಯಾಯವಂತನೂ ಆಗಿ ತೋರಿಸಬೇಕೆಂದು ಲೇಖಕರು ಮೊದಲೇ ಅಳತೆಯನ್ನು ಗೊತ್ತುಪಡಿಸುತ್ತಾರೆ. ಬೈಗುಳನ್ನೇ ವಾದವೆಂದು ತಿಳಿದಿದ್ದ ಹಿಂದಿನ ಎಷ್ಟೋ ಲೇಖಕರ ದಾರಿಗಿಂತ ಇದು ಮೇಲಾದುದು. ಆದರೆ ಬಹುಪತ್ನೀತ್ವ, ಜಿಹಾದ್, ಸ್ವರ್ಗದ ಭೋಗವರ್ಣನೆ ಇವುಗಳನ್ನು ತೂಗಿದ ಕಲ್ಲನ್ನು ಹಳೆಯ ಒಡಂಬಡಿಕೆಯ ವಿಷಯದಲ್ಲಿ ಅವರು ಅಷ್ಟೇ ಕಟ್ಟುನಿಟ್ಟಾಗಿ ಬಳಸುವುದಿಲ್ಲ.

ರಹಮತುಲ್ಲಾ ಕೈರಾನವಿಯವರು ಹಿಡಿದುದು ಈ ಎಡೆಯನ್ನೇ. 1864ರಲ್ಲಿ ಪ್ರಕಟವಾದ ತಮ್ಮ ಅರಬ್ಬಿ ಗ್ರಂಥ ‘ಇಝ್‌ಹಾರುಲ್ ಹಕ್’ನಲ್ಲಿ ಅವರು ದಾವೀದ ಸೊಲೊಮೋನರ ಪತ್ನಿಯರನ್ನೂ ಮೋಶೆ ಯೆಹೋಶುವರ ಯುದ್ಧಗಳನ್ನೂ ಮುಂದಿಟ್ಟರು. ಹಳೆಯ ಒಡಂಬಡಿಕೆಯು ಸಿದ್ಧತೆಯ ಮೆಟ್ಟಿಲು, ಸುವಾರ್ತೆಯೇ ಪೂರ್ಣತೆ ಎಂದು ಕ್ರೈಸ್ತನು ಉತ್ತರಿಸಬಹುದು. ಆ ಉತ್ತರಕ್ಕೆ ತೂಕವುಂಟು. ಆದರೆ ನೀತಿಬೋಧೆಯು ಕಾಲಕ್ರಮದಲ್ಲಿ ಬೆಳೆಯುವುದೆಂದು ಒಪ್ಪಿದ ಮೇಲೆ, ಪತ್ನಿಯರ ಸಂಖ್ಯೆಯನ್ನು ನಾಲ್ಕಕ್ಕೆ ಮಿತಗೊಳಿಸಿ, ಅವರಲ್ಲಿ ಸಮಭಾವವನ್ನು ವಿಧಿಸಿ, ಹೆಣ್ಣು ಶಿಶುಗಳನ್ನು ಜೀವಂತ ಹೂಳುವುದನ್ನು ಖಂಡಿಸಿದ ಕುರಾನನ್ನೂ ಏಳನೆಯ ಶತಮಾನದ ಅರೇಬಿಯದ ನಡುವೆ ಇಟ್ಟು ನೋಡಬೇಕಲ್ಲವೆ? ಇತ್ತ ರಹಮತುಲ್ಲಾ ಅವರ ಉತ್ತರವೂ ಅರ್ಧವೇ. ಎದುರಾಳಿಯ ಪ್ರವಾದಿಗಳ ನಡತೆಯನ್ನು ತೋರಿಸಿದ ಮಾತ್ರಕ್ಕೆ ಅಂತಃಸಾಕ್ಷಿ ಕೇಳಿದ ಪ್ರಶ್ನೆ ತೀರುವುದಿಲ್ಲ.

ಈ ಇಬ್ಬರು ವಿದ್ವಾಂಸರೂ ಇದಕ್ಕೆ ಹತ್ತು ವರ್ಷಗಳ ಮೊದಲೇ ಮುಖಾಮುಖಿಯಾಗಿದ್ದರು. 1854ರ ಏಪ್ರಿಲ್ 10 ಮತ್ತು 11ರಂದು ಆಗ್ರಾದಲ್ಲಿ ನಡೆದ ಆ ವಾದದಲ್ಲಿ ಧರ್ಮಗ್ರಂಥದ ವಿಧಿಗಳ ರದ್ದತಿ, ಪಾಠಗಳ ವ್ಯತ್ಯಾಸ ಇವೆರಡೇ ವಿಷಯಗಳು ಚರ್ಚೆಗೆ ಬಂದುವು. ಬೈಬಲಿನ ಪಾಠದಲ್ಲಿ ಕೆಲವೆಡೆ ವ್ಯತ್ಯಾಸವುಂಟೆಂದು ಫಾಂಡರರು ಒಪ್ಪಿಕೊಂಡರು. ಆದರೆ ಮೂಲತತ್ತ್ವಗಳಿಗೆ ಅದರಿಂದ ಬಾಧಕವಿಲ್ಲವೆಂದು ಸಾಧಿಸಿದರು. ರಹಮತುಲ್ಲಾ ಅವರ ಪಕ್ಷದ ಡಾಕ್ಟರ್ ವಜೀರ್ ಖಾನರು ಯೂರೋಪಿನ ಬೈಬಲ್ ವಿಮರ್ಶಕರ ಗ್ರಂಥಗಳನ್ನೇ ಆಧಾರವಾಗಿ ತಂದಿದ್ದರು. ವಾದವು ಅಲ್ಲಿಗೇ ನಿಂತಿತು. ‘ತಕ್ಕಡಿ’ಯ ಪೀಠಿಕೆಯಲ್ಲಿ ಮೊದಲ ಸ್ಥಾನ ಪಡೆದಿದ್ದ ನೀತಿಯ ಪ್ರಶ್ನೆಗೆ ಸರದಿಯೇ ಬರಲಿಲ್ಲ.

ಈ ಗ್ರಂಥವನ್ನು ಇಂಗ್ಲಿಷಿನಲ್ಲಿ ಓದುವವರು ಒಂದು ಸಂಗತಿಯನ್ನು ಗಮನಿಸಬೇಕು. 1910ರ ಆವೃತ್ತಿಯು ಸೇಂಟ್ ಕ್ಲೇರ್ ಟಿಸ್ಡಲ್ ಅವರು ತಿದ್ದಿ ವಿಸ್ತರಿಸಿದುದು. ಅಲ್ಲಿನ ಪ್ರತಿಯೊಂದು ವಾಕ್ಯವನ್ನೂ ಫಾಂಡರರದೆಂದು ಎಣಿಸಲಾಗದು.