ಬಾವಿಯ ನೀರು ಮತ್ತು ಅಚೌರ್ಯವ್ರತ

ಅಮೃತಚಂದ್ರಾಚಾರ್ಯರ 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಚೌರ್ಯವನ್ನು ಕುರಿತ ಭಾಗವು ಚಿಕ್ಕದು. ಅದರ ಕೊನೆಯಲ್ಲಿ ಗೃಹಸ್ಥನಿಗೆ ಒಂದು ರಿಯಾಯಿತಿ ಇದೆ. ಪರರ ಬಾವಿಯ ನೀರು ಮೊದಲಾದವುಗಳನ್ನು ತೆಗೆದುಕೊಳ್ಳುವುದನ್ನು ಬಿಡಲು ಯಾರು ಅಸಮರ್ಥರೋ ಅವರು, ಕೊಡದೆ ಇರುವ ಉಳಿದೆಲ್ಲ ವಸ್ತುಗಳನ್ನಾದರೂ ಬಿಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಪ್ರವಚನಗಳಲ್ಲಿ ಈ ಮಾತು 'ನೀರಿಗೆ ದೋಷವಿಲ್ಲ' ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುವುದುಂಟು. ಈ ವ್ಯಾಖ್ಯಾನವು ಇಂದು ನಿಲ್ಲಲಾರದೆಂಬುದೇ ನನ್ನ ಆಕ್ಷೇಪ.

ಆಚಾರ್ಯರು ನೀರನ್ನು ವ್ರತದಿಂದ ಹೊರಗಿಟ್ಟಿಲ್ಲ. 'ಅಸಮರ್ಥರು' ಎಂಬ ಶಬ್ದವೇ ಇದಕ್ಕೆ ಸಾಕ್ಷಿ. ದೌರ್ಬಲ್ಯಕ್ಕೆ ತೋರಿದ ಕರುಣೆಯನ್ನು ನಾವು ಹಕ್ಕೆಂದು ಓದಿಕೊಂಡಿದ್ದೇವೆ. ಅದಲ್ಲದೆ ಆ ಕಾಲದ ಬಾವಿಗೆ ತನ್ನದೇ ಆದ ಪರಿಮಾಣವಿತ್ತು: ಹಗ್ಗದ ಉದ್ದ, ಎತ್ತಿನ ಬಲ. ಕಪಿಲೆ ಹೊಡೆಯುವವನು ಸಂಜೆಗೆ ಎತ್ತುಗಳನ್ನು ಬಿಚ್ಚಲೇಬೇಕು. ಇರುಳೆಲ್ಲ ಬಾವಿಯಲ್ಲಿ ಒರತೆ ಊರುತ್ತಿತ್ತು.

ಕೋಲಾರ ಜಿಲ್ಲೆಯನ್ನು ನೋಡೋಣ. ವರ್ಷವಿಡೀ ಹರಿಯುವ ನದಿಯಿಲ್ಲದ ಆ ಸೀಮೆಯನ್ನು ಕೆರೆಗಳೂ ತೆರೆದ ಬಾವಿಗಳೂ ಸಾಕಿದ್ದವು. ನೆಲದಡಿಯಲ್ಲಿರುವುದು ಗಟ್ಟಿ ಶಿಲೆ. ಮೇಲಿನ ಶಿಥಿಲ ಪದರವು ಮಳೆನೀರನ್ನು ಹಿಡಿದಿಡುತ್ತದೆ. ಅದರ ಕೆಳಗಿನ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ, ಆ ಬಿರುಕುಗಳು ಮರಳಿ ತುಂಬುವುದು ಬಹು ನಿಧಾನ. ಅಲ್ಲಿ ಈಗ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದಿವೆ. ಒಬ್ಬನು ಆಳಕ್ಕೆ ಕೊರೆಸಿದಾಗ ನೆರೆಹೊಲದ ಬಾವಿ ಬತ್ತುವುದುಂಟು, ಏಕೆಂದರೆ ಬಿರುಕಿಗೆ ಬದುವಿನ ಹಂಗಿಲ್ಲ. ನೆರೆಯವನು ಕೊಡಲಿಲ್ಲ, ಇವನು ಕೇಳಲಿಲ್ಲ. ನೀರು ಮಾತ್ರ ಬಂದಿತು. ತತ್ತ್ವಾರ್ಥಸೂತ್ರವು ಕೊಡದುದನ್ನು ಕೊಳ್ಳುವುದನ್ನೇ ಚೌರ್ಯವೆಂದು ಕರೆಯುತ್ತದೆ.

ಪ್ರಮಾದವಿಲ್ಲದೆ ಚೌರ್ಯವಿಲ್ಲ, ಕೊರೆಸಿದವನಿಗೆ ಕದಿಯುವ ಭಾವವಿರಲಿಲ್ಲವೆಂದು ಪಂಡಿತರು ಹೇಳಬಹುದು. ಮೊದಲ ಸಲಕ್ಕೆ ಈ ಸಮಾಧಾನ ಸಲ್ಲುತ್ತದೆ. ಪಕ್ಕದ ಬಾವಿ ಬತ್ತಿದ್ದನ್ನು ಕಣ್ಣಾರೆ ಕಂಡ ಮೇಲೂ ಇನ್ನೂರು ಅಡಿ ಮತ್ತೆ ಇಳಿಸುವವನಿಗೆ ಸಲ್ಲದು. 1882ರ ಈಸ್‌ಮೆಂಟ್ ಕಾಯ್ದೆಯು ತನ್ನ ನೆಲದಡಿಯ ನೀರನ್ನು ತೆಗೆಯುವ ಹಕ್ಕನ್ನು ಭೂಮಾಲೀಕನಿಗೆ ಒಪ್ಪಿಸಿದೆ, ನಿಜ. ಕರ್ನಾಟಕವು 2011ರಲ್ಲಿ ಅಂತರ್ಜಲ ನಿಯಂತ್ರಣದ ಕಾಯ್ದೆಯನ್ನೂ ತಂದಿತು. ಆದರೆ ಅಧಿಕಾರಿಯ ಅನುಮತಿ ಪತ್ರವು ನೆರೆಯವನು ಕೊಟ್ಟ ದಾನವಾಗುವುದಿಲ್ಲ.

ಇಷ್ಟು ಹೇಳಿ ರೈತನೊಬ್ಬನನ್ನೇ ಕಟಕಟೆಗೆ ತಂದು ನಿಲ್ಲಿಸಿದರೆ ಅದು ಅನ್ಯಾಯ. ಸಾಲ ಮಾಡಿ ಕೊರೆಸಿದ ಬಾವಿ ಬರಿದಾದಾಗ ಅವನು ಪಡುವ ಪಾಡು ಕಠೋರವಾದುದು. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಲ್ಲಿ ಉಚಿತ ವಿದ್ಯುತ್ತನ್ನು ಕೊಟ್ಟದ್ದು ಸರ್ಕಾರ. ದೇಶದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 239 ಶತಕೋಟಿ ಘನಮೀಟರ್ ಅಂತರ್ಜಲವನ್ನು ಮೇಲೆತ್ತಲಾಗುತ್ತಿತ್ತು, ಅದರಲ್ಲಿ ಶೇಕಡಾ 87ರಷ್ಟು ಬೇಸಾಯಕ್ಕೆ. ಆ ನೀರೇ ಟೊಮೇಟೊ ಆಗಿ, ರೇಷ್ಮೆಯಾಗಿ ನಗರಕ್ಕೆ ಬರುತ್ತದೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಎಣಿಸುವ ಧರ್ಮ ನಮ್ಮದು. ಪಂಪು ಮಾರುವವರೂ ಸಾಲ ಕೊಡುವವರೂ ತರಕಾರಿ ಕೊಳ್ಳುವವರೂ ನಮ್ಮಲ್ಲಿಯೇ ಇದ್ದಾರೆ!

ನೀರು ಸೋಸುವ ಆಚಾರವನ್ನು ಇಲ್ಲಿ ನೆನೆಯಬೇಕು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ನೀರು ತಂದ ಅದೇ ಬಾವಿಗೆ ಮೆಲ್ಲನೆ ಮರಳಿಸಬೇಕೆಂಬ ನಿಯಮ ಎಷ್ಟು ಸೂಕ್ಷ್ಮವಾದುದು! ಕೊಳವೆಬಾವಿಯಲ್ಲಿ ಅದು ಸಾಧ್ಯವಿಲ್ಲವೆಂಬ ಕಾರಣಕ್ಕೆ ಆ ನೀರನ್ನು ಒಲ್ಲದ ವ್ರತಿಗಳುಂಟು. ಒಂದು ಕೊಡದ ವಿಷಯದಲ್ಲಿರುವ ಈ ಎಚ್ಚರವು ಅಡುಗೆಮನೆಯ ಹೊಸ್ತಿಲು ದಾಟಿ ಹೊಲದ ಪಂಪಿನವರೆಗೆ ಹೋಗಿಲ್ಲ.

ಹನಿ ನೀರಾವರಿಯನ್ನು ಅಹಿಂಸಕ ಬೇಸಾಯವೆಂದು ಕೊಂಡಾಡುವುದುಂಟು. ಹಾಗೆ ಉಳಿದ ನೀರಿನಿಂದ ಇನ್ನೆರಡು ಎಕರೆ ಬೆಳೆದರೆ ಬಾವಿಗೆ ಉಳಿದದ್ದೇನು? ಪರಿಗ್ರಹಪರಿಮಾಣವನ್ನು ಹೇಳುವಾಗ ಸೂತ್ರಕಾರರು ಹೊಲ, ಮನೆ, ಬಂಗಾರ, ಧಾನ್ಯಗಳನ್ನು ಹೆಸರಿಸಿದರು, ನೀರನ್ನು ಹೆಸರಿಸಲಿಲ್ಲ. ಇಂದು ಆ ವ್ರತವನ್ನು ಸ್ವೀಕರಿಸುವ ರೈತನು ಎಕರೆಗಳ ಲೆಕ್ಕದ ಜೊತೆಗೆ, ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಗಂಟೆ ಪಂಪು ನಡೆಸುವೆನೆಂಬುದನ್ನೂ ಗುರುಗಳ ಮುಂದೆ ಹೇಳಬೇಕಾಗುತ್ತದೆ. ನೆರೆಯವನ ಬಾವಿಯನ್ನು ಇಣುಕಿ ನೋಡದೆ ಆ ಸಂಖ್ಯೆಯನ್ನು ಅವನು ಹೇಳಲಾರ.